ಹಂಚಿಕೊಂಡ ಸರ್ಕ್ಯೂಟು, ಮಲೆನಾಡಿನ ಆಂಟೆನಾ

ಕೇಳುಗರಿಗೆ ನಮಸ್ಕಾರ. ಬೇರೆಯವರು ಹಂಚಿಕೊಂಡ ರೇಡಿಯೊ ಉಪಾಯಗಳನ್ನು ನಮ್ಮ ಮಲೆನಾಡಿಗೆ ಒಗ್ಗಿಸಿಕೊಳ್ಳುವುದು ಹೇಗೆಂಬುದು ಇಂದಿನ ವಿಷಯ. ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಮಧ್ಯಮ ತರಂಗವು ನೆಲವನ್ನು ಅನುಸರಿಸಿ ಸಾಗುವುದರಿಂದ ಗುಡ್ಡದ ಮರೆಯಲ್ಲಿರುವ ಮನೆಗಳಿಗೂ ತಲುಪುತ್ತದೆ. ಹವ್ಯಾಸಿ ರೇಡಿಯೊದವರು, ಅಂದರೆ ಹ್ಯಾಮ್‌ಗಳು, ಕೈಯಲ್ಲಿ ಹಿಡಿದು ಮಾತಾಡುವ 144 ಮೆಗಾಹರ್ಟ್ಸ್ ಸೆಟ್ಟಿಗೆ ಈ ಅನುಕೂಲವಿಲ್ಲ. ಅದರ ಅಲೆ ಬಹುಮಟ್ಟಿಗೆ ನೇರವಾಗಿ ಹೋಗುವುದರಿಂದ, ತೀರ್ಥಹಳ್ಳಿ ಕಡೆಯ ಒಂದು ಕಣಿವೆಯಿಂದ ಹೊಸನಗರದ ಕಣಿವೆಗೆ ಮಾತು ಮುಟ್ಟಬೇಕಾದರೆ ನಡುವಿನ ಎತ್ತರದಲ್ಲಿ ಅಲೆಯನ್ನು ಹಿಡಿದು ಮರುಪ್ರಸಾರ ಮಾಡುವ ರಿಪೀಟರ್ ಇರಬೇಕಾಗುತ್ತದೆ.

ರಿಪೀಟರ್ ಇಲ್ಲದವರಿಗೆ 7 ಮೆಗಾಹರ್ಟ್ಸ್ ಇದೆ. ಸುಮಾರು 20 ಮೀಟರ್ ತಂತಿಯ, ಡೈಪೋಲ್ ಎಂಬ ಆಂಟೆನಾವನ್ನು ನೆಲದಿಂದ ಐದಾರು ಮೀಟರ್ ಎತ್ತರದಲ್ಲಷ್ಟೇ ಕಟ್ಟಿದರೆ ಅಲೆ ಹೆಚ್ಚಾಗಿ ಮೇಲಕ್ಕೇ ಹೊರಟು, ಹಗಲಿನಲ್ಲಿ ಮೇಲ್ವಾತಾವರಣದ ಅಯಾನುಗೋಳದಿಂದ ಹಿಂತಿರುಗಿ, ಸುತ್ತಲಿನ ಕೆಲವು ನೂರು ಕಿಲೋಮೀಟರ್ ಪ್ರದೇಶದ ಮೇಲೆ ಬೀಳುತ್ತದೆ. ಬೆಟ್ಟ ಅಡ್ಡ ಬರುವ ಪ್ರಶ್ನೆಯೇ ಇಲ್ಲ. ಆಂಟೆನಾ ಎಷ್ಟು ಎತ್ತರವೋ ಅಷ್ಟು ಒಳ್ಳೆಯದು ಎಂದು ಅಂತರಜಾಲದಲ್ಲಿ ಮತ್ತೆ ಮತ್ತೆ ಓದುವ ಹೊಸಬರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಆ ಸಲಹೆ ಸಮುದ್ರದಾಚೆಯವರೊಂದಿಗೆ ಮಾತಾಡುವವರದು, ಪಕ್ಕದ ತಾಲ್ಲೂಕಿಗೆ ಮಾತಾಡುವವರದಲ್ಲ.

ಹಂಚಿಕೊಂಡ ಉಪಾಯವನ್ನು ಊರಿನ ಸ್ಥಿತಿಗೆ ಒಗ್ಗಿಸಿಕೊಳ್ಳದಿದ್ದರೆ ಅದು ಕೆಲಸಕ್ಕೆ ಬಾರದು ಎಂಬುದಕ್ಕೆ ಅಡಿಕೆ ಕೊಯ್ಯುವ ದೋಟಿಯೇ ಸಾಕ್ಷಿ. ಹೊರದೇಶಗಳ ಹವ್ಯಾಸಿಗಳು ಫೈಬರ್‌ಗ್ಲಾಸ್ ಕೋಲಿನುದ್ದಕ್ಕೂ ತಂತಿಯನ್ನು ಅಂಟಿಸಿ ಲಂಬ ಆಂಟೆನಾ ಮಾಡುವ ವಿಧಾನವನ್ನು ಚಿತ್ರಸಹಿತ ವಿವರಿಸಿರುತ್ತಾರೆ. ನಮ್ಮ ಅಡಿಕೆ ತೋಟಗಳಲ್ಲಿ ಈಗ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸಲು, ಔಷಧಿ ಹೊಡೆಯಲು ಬಳಸುವ ಉದ್ದನೆಯ ಕಾರ್ಬನ್ ಫೈಬರ್ ದೋಟಿ ನೋಡಲು ಅದರಂತೆಯೇ ಇದ್ದರೂ, ಕಾರ್ಬನ್ ವಿದ್ಯುತ್ ವಾಹಕವಾದ್ದರಿಂದ ಅದಕ್ಕೆ ಅಂಟಿಸಿದ ತಂತಿಯ ಶ್ರುತಿ ಕೆಡುತ್ತದೆ. ವಿದ್ಯುತ್ ಲೈನಿಗೆ ತಾಗಿದರಂತೂ ಪ್ರಾಣಕ್ಕೇ ಅಪಾಯ. ಅಡಿಕೆ ಮರಗಳ ನಡುವೆ ಡೈಪೋಲ್ ಕಟ್ಟುವವರು ಗಾಳಿಗೆ ಮರ ತೂಗುತ್ತದೆಂಬುದನ್ನು ನೆನಪಿಟ್ಟು, ಒಂದು ತುದಿಗೆ ರಾಟೆ ಹಾಕಿ ತೂಕ ಇಳಿಬಿಡಬೇಕು. ಕೊನೆ ಕೊಯ್ಯುವವರಿಗೆ ತಂತಿ ಎಲ್ಲಿದೆಯೆಂದು ಮೊದಲೇ ತಿಳಿಸಿರಬೇಕು. ಇಂಥ ಟಿಪ್ಪಣಿಗಳನ್ನು ಎತ್ತರ, ಅಳತೆಗಳ ಸಮೇತ ಕನ್ನಡದಲ್ಲಿ ಬರೆದು ಹಂಚುವವರು ಇನ್ನಷ್ಟು ಮಂದಿ ಬೇಕು.

ಉಪಕರಣದ ವಿಷಯದಲ್ಲಿ ನಮ್ಮ ದೇಶದ ಕೊಡುಗೆ ಸಣ್ಣದಲ್ಲ. ಹೈದರಾಬಾದಿನ ಅಶರ್ ಫರ್ಹಾನ್ ಅವರು ಸುಲಭವಾಗಿ ಸಿಗುವ ಬಿಡಿಭಾಗಗಳಿಂದಲೇ ಕಟ್ಟಬಹುದಾದ ಬಿಟ್‌ಎಕ್ಸ್ ಎಂಬ, ಪ್ರಸಾರವನ್ನೂ ಗ್ರಹಣವನ್ನೂ ಮಾಡುವ ಟ್ರಾನ್ಸೀವರಿನ ನಕ್ಷೆಯನ್ನು ಎಲ್ಲರಿಗೂ ಮುಕ್ತವಾಗಿಟ್ಟರು. ಅದರ ಮುಂದಿನ ರೂಪವಾದ ಮೈಕ್ರೋ ಬಿಟ್‌ಎಕ್ಸ್‌ನಲ್ಲಿ ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ಕಂಪ್ಯೂಟರ್ ಫಲಕ ಇರುವುದರಿಂದ, ಅದರ ತಂತ್ರಾಂಶವನ್ನು ಬೇರೆ ಬೇರೆ ದೇಶದವರು ತಮಗೆ ಬೇಕಾದಂತೆ ತಿದ್ದಿ ಮತ್ತೆ ಹಂಚಿದ್ದಾರೆ.

ಕಂಪ್ಯೂಟರಿನ ತಂತ್ರಾಂಶದ ಮೂಲಕ ಚಿಕ್ಕ ಸಂದೇಶ ಕಳುಹಿಸುವ ವಿಧಾನಗಳ ಪೈಕಿ ಹೆಚ್ಚು ಬಳಕೆಯಲ್ಲಿರುವುದು, ಭೌತವಿಜ್ಞಾನದಲ್ಲಿ 1993ರ ನೊಬೆಲ್ ಪಡೆದ ಜೋ ಟೇಲರ್ ಅವರು ಸ್ಟೀವ್ ಫ್ರಾಂಕೆ ಅವರೊಂದಿಗೆ ರೂಪಿಸಿ 2017ರಲ್ಲಿ ಹೊರತಂದ ಎಫ್‌ಟಿ8 ವಿಧಾನ. ಕಿವಿಗೆ ಕೇಳಿಸದಷ್ಟು ಕ್ಷೀಣವಾದ ಸಂಕೇತವನ್ನೂ ಅದು ಬಿಡಿಸುತ್ತದೆ. ಹ್ಯಾಮ್‌ಗಳ ಗುರುತಾದ ಕರೆಸಂಕೇತ ಮತ್ತು ಸಂಕೇತಬಲಗಳನ್ನು ಬಿಟ್ಟರೆ ಅದರಲ್ಲಿ ಹೆಚ್ಚೇನೂ ಮಾತಿಲ್ಲ ಎಂಬ ಹಳಬರ ಆಕ್ಷೇಪವನ್ನು ನಾನೂ ಒಪ್ಪುತ್ತೇನೆ, ಆದರೂ ಐದು ವ್ಯಾಟ್ ಶಕ್ತಿಯಿಂದ ನಮ್ಮ ಅಲೆ ಎಲ್ಲಿಯವರೆಗೆ ಹೋಯಿತೆಂದು ಅಳೆಯಲು ಅದಕ್ಕಿಂತ ಅಗ್ಗದ ಸಾಧನ ಕಾಣೆ. ಹದಿನೈದು ಸೆಕೆಂಡುಗಳ ಸರದಿಯಲ್ಲಿ ಅದು ನಡೆಯುವುದರಿಂದ ಕಂಪ್ಯೂಟರಿನ ಗಡಿಯಾರ ಸೆಕೆಂಡಿನ ಆಸುಪಾಸಿನಲ್ಲಿ ಸರಿಯಿರಬೇಕು. ಮಳೆಗಾಲದಲ್ಲಿ ನೆಟ್‌ವರ್ಕ್ ಕಾಣೆಯಾಗುವ ನಮ್ಮ ಊರುಗಳಲ್ಲಿ ಸಣ್ಣದೊಂದು ಜಿಪಿಎಸ್ ರಿಸೀವರಿನಿಂದ ವೇಳೆ ಪಡೆಯುವುದು ಉತ್ತಮ. ಅಂದಹಾಗೆ, ಕರೆಂಟು ಹೋದಾಗ ಎಲ್‌ಇಡಿ ಬಲ್ಬು, ಚಾರ್ಜರುಗಳ ಗದ್ದಲವೂ ನಿಲ್ಲುವುದರಿಂದ, ಬ್ಯಾಟರಿ ತುಂಬಿಸಿಟ್ಟವರಿಗೆ ರೇಡಿಯೊ ಸೊಗಸಾಗಿ ಕೇಳುವುದು ಆಗಲೇ.

ಹ್ಯಾಮ್ ಸಂದೇಶದ ಅರ್ಥವನ್ನು ಮರೆಮಾಚುವಂತೆ ಗೂಢಲಿಪಿ ಬಳಸಬಾರದೆಂದು ಅಂತರರಾಷ್ಟ್ರೀಯ ನಿಯಮವಿದೆ. ಹಾಗಾಗಿ ಹೊಸ ವಿಧಾನ ಕಂಡುಹಿಡಿದವರು ಅದನ್ನು ಬಹಿರಂಗಪಡಿಸುವುದು ಇಲ್ಲಿ ರೂಢಿ. ತಂತ್ರಾಂಶ ಉಚಿತವೆಂದ ಮಾತ್ರಕ್ಕೆ ಪ್ರಸಾರದ ಗುಂಡಿ ಒತ್ತುವ ಹಕ್ಕು ಬರುವುದಿಲ್ಲ. ಅದಕ್ಕೆ ಕೇಂದ್ರ ಸರ್ಕಾರದ ಪರವಾನಗಿ ಬೇಕು. ಹನ್ನೆರಡು ವರ್ಷ ತುಂಬಿದವರು ಅದರ ಪರೀಕ್ಷೆಗೆ ಕೂರಬಹುದು. ರೇಡಿಯೊ ಸಿದ್ಧಾಂತ ಮತ್ತು ನಿಯಮಗಳ ಪ್ರಶ್ನೆಗಳಿರುವ ನಿರ್ಬಂಧಿತ, ಅಂದರೆ ರಿಸ್ಟ್ರಿಕ್ಟೆಡ್, ದರ್ಜೆಯಿಂದ ಆರಂಭಿಸಿ, ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಕಲಿತ ಬಳಿಕ ಅದರ ಮೇಲಿನ ಸಾಮಾನ್ಯ, ಅಂದರೆ ಜನರಲ್, ದರ್ಜೆಗೆ ಹೋಗುವುದು ಶಾಲಾ ಮಕ್ಕಳಿಗೆ ಸೂಕ್ತ. ನಮಸ್ಕಾರ.