ಸೌತ್ ಕೆನ್ಸಿಂಗ್ಟನ್: ಮೂರು ಮ್ಯೂಸಿಯಂ, ಅವಸರ ಇಲ್ಲದೆ

ನಮಸ್ಕಾರ. ಇವತ್ತು ನ್ಯಾಚುರಲ್ ಹಿಸ್ಟರಿ, ಸೈನ್ಸ್, ವಿಕ್ಟೋರಿಯಾ ಅಂಡ್ ಆಲ್ಬರ್ಟ್, ಈ ಮೂರು ಮ್ಯೂಸಿಯಂ ನೋಡೋಣ. ಈಗ ಕಾಣ್ತಿರೋದು ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಸ್ಟೇಷನ್. ಡಿಸ್ಟ್ರಿಕ್ಟ್, ಸರ್ಕಲ್, ಪಿಕಡಿಲಿ, ಮೂರೂ ಮೆಟ್ರೋ ಲೈನಿನ ಟ್ರೈನ್ ಇಲ್ಲಿ ನಿಲ್ಲುತ್ತೆ. ಟ್ರೈನ್ ಹತ್ತೋ ಕಡೆ ಗೇಟಿಗೆ ಯಾವ ಕಾರ್ಡ್ ಮುಟ್ಟಿಸಿದ್ರೋ ಇಳಿದಾಗಲೂ ಅದನ್ನೇ ಮುಟ್ಟಿಸಿ. ಅಲ್ಲಿ ಕಾರ್ಡು, ಇಲ್ಲಿ ಅದೇ ಕಾರ್ಡ್ ಸೇರಿಸಿರೋ ಫೋನು ಅಂತ ಮಾಡಿದ್ರೆ, ಎರಡು ಅರ್ಧಂಬರ್ಧ ಪ್ರಯಾಣ ಅಂತ ಲೆಕ್ಕ ಆಗಿ ಗರಿಷ್ಠ ದರ ಕಟ್ ಆಗುತ್ತೆ.

ಮೇಲೆ ರಸ್ತೆಗೆ ಹತ್ತಬೇಡಿ. ಮ್ಯೂಸಿಯಂ ಬೋರ್ಡ್ ನೋಡ್ಕೊಂಡು ಈ ಸುರಂಗ ಹಿಡೀರಿ. 1885ರಲ್ಲಿ ಶುರುವಾದ ದಾರಿ ಇದು. ಮಳೆಯಲ್ಲಿ ನೆನೆಯೋದೂ ತಪ್ಪುತ್ತೆ, ಕ್ರಾಮ್‌ವೆಲ್ ರಸ್ತೆ ದಾಟೋದೂ ತಪ್ಪುತ್ತೆ.

1851ರಲ್ಲಿ ಹೈಡ್ ಪಾರ್ಕ್‌ನಲ್ಲಿ ಮಹಾ ವಸ್ತುಪ್ರದರ್ಶನ ನಡೀತು. ಅದರ ಲಾಭದ ದುಡ್ಡಲ್ಲಿ ಕೊಂಡ ಜಮೀನು ಇದು. ಅದಕ್ಕೇ ಇಷ್ಟೊಂದು ಮ್ಯೂಸಿಯಂ ಅಕ್ಕಪಕ್ಕದಲ್ಲೇ ಇವೆ. ಕಾಯಂ ಗ್ಯಾಲರಿಗಳಿಗೆ ಪ್ರವೇಶ ಉಚಿತ, ವಿಶೇಷ ಪ್ರದರ್ಶನಕ್ಕೆ ಮಾತ್ರ ಟಿಕೆಟ್. ಹಾಗಾಗಿ ಕೊಟ್ಟ ದುಡ್ಡು ವಸೂಲಾಗಬೇಕು ಅಂತ ಎಲ್ಲಾ ಕೋಣೆ ಸುತ್ತೋ ಅಗತ್ಯ ಇಲ್ಲ. ಬಹಳ ಜನ ಮೊದಲನೇ ಮ್ಯೂಸಿಯಂನಲ್ಲೇ ನಾಲ್ಕು ಗಂಟೆ ಅಲೆದು, ಕಾಲು ಸೋತು, ಉಳಿದೆರಡನ್ನ ಹೊರಗಿಂದಲೇ ನೋಡಿ ಹೋಗ್ತಾರೆ. ಒಂದೊಂದರಲ್ಲಿ ಮೂರ್ನಾಲ್ಕು ವಸ್ತು ಆರಿಸ್ಕೊಳ್ಳಿ, ಸಾಕು.

ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಬೆಳಗ್ಗೆ 10ಕ್ಕೆ ತೆರೆಯುತ್ತೆ. ಮೊದಲು ಇಲ್ಲಿಗೇ ಬನ್ನಿ, ಶಾಲೆ ರಜೆ ಇದ್ದಾಗಂತೂ ಹೊತ್ತೇರಿದ ಹಾಗೆ ಸಾಲು ಬೆಳೆಯುತ್ತೆ. ಹಿಂಟ್ಸ್ ಹಾಲ್‌ನಲ್ಲಿ ತೂಗುಬಿಟ್ಟಿರೋದು ನೀಲಿ ತಿಮಿಂಗಿಲದ ನಿಜವಾದ ಅಸ್ಥಿಪಂಜರ, 25.2 ಮೀಟರ್ ಉದ್ದ. ಎಲ್ಲರೂ ಕೆಳಗೆ ನಿಂತು ಫೋಟೋ ತೆಗೀತಾರೆ. ನೀವು ಮೆಟ್ಟಿಲು ಹತ್ತಿ ಮೇಲಿನ ಮೊಗಸಾಲೆಗೆ ಬನ್ನಿ. ಅದು ಬಾಯಿ ತೆರೆದು ಮುಳುಗೋ ಭಂಗಿ ಅನ್ನೋದು ಇಲ್ಲಿಂದಲೇ ಚೆನ್ನಾಗಿ ಕಾಣೋದು. ಹಾಗೇ ಕಮಾನುಗಳ ಮೇಲೆ ಹತ್ತುತ್ತಿರೋ ಟೆರಾಕೋಟಾ ಕೋತಿಗಳನ್ನೂ ನೋಡಿ. ಕಟ್ಟಡದ ಪೂರ್ವ ಭಾಗದಲ್ಲಿ ಅಳಿದುಹೋದ ಪ್ರಾಣಿಗಳ ಕೆತ್ತನೆ, ಪಶ್ಚಿಮದಲ್ಲಿ ಇಂದಿಗೂ ಬದುಕಿರೋ ಪ್ರಾಣಿಗಳದ್ದು.

ಹೊರಗೆ ಎಕ್ಸಿಬಿಷನ್ ರಸ್ತೆ. ಚೌಕಳಿ ಹಾಸುಗಲ್ಲು, ಎತ್ತರದ ಫುಟ್‌ಪಾತೇ ಇಲ್ಲ. ಕಾರು ಬರಲ್ಲ ಅನ್ಸುತ್ತೆ, ಆದ್ರೆ ಬರುತ್ತೆ. ಮಕ್ಕಳ ಕೈ ಬಿಡಬೇಡಿ. ಸೈನ್ಸ್ ಮ್ಯೂಸಿಯಂಗೆ ಉಚಿತ ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ಮಾಡಿಟ್ಕೊಳ್ಳಿ. ಸಮಯ ಕಮ್ಮಿ ಇದ್ರೆ ಪಫಿಂಗ್ ಬಿಲ್ಲಿ ಒಂದನ್ನಾದ್ರೂ ನೋಡಿ. ಇವತ್ತಿಗೆ ಉಳಿದಿರೋ ಅತ್ಯಂತ ಹಳೇ ಉಗಿ ರೈಲು ಎಂಜಿನ್ ಅದು.

ಎದುರಿಗಿರೋದೇ ವಿಕ್ಟೋರಿಯಾ ಅಂಡ್ ಆಲ್ಬರ್ಟ್. ಗೋಡೆ ಮೇಲಿನ ಗುಂಡಿಗಳು ಎರಡನೇ ಮಹಾಯುದ್ಧದ ಬಾಂಬಿನ ಗುರುತು, ಬೇಕಂತಲೇ ಮುಚ್ಚದೆ ಬಿಟ್ಟಿದ್ದಾರೆ. ಒಳಗೆ 42ನೇ ಕೋಣೆಗೆ ಗಡಿಯಾರ ನೋಡ್ಕೊಂಡು ಹೋಗಿ. ಅಲ್ಲಿರೋ ಆರ್ದಬಿಲ್ ಜಮಖಾನ ಇರಾನಿನಲ್ಲಿ ನೇಯ್ದಿದ್ದು, ಅದರ ಮೇಲೇ ಇಸವಿ ಇದೆ, ನಮ್ಮ ಲೆಕ್ಕದಲ್ಲಿ 1539-40. ಬಣ್ಣ ಮಾಸಬಾರದು ಅಂತ ಪ್ರತಿ ಗಂಟೆ ಸರಿಯಾಗಿ ಆದಾಗ, ಆಮೇಲೆ ಅರ್ಧ ಗಂಟೆಗೆ (11:00, 11:30 ಹೀಗೆ) ಹತ್ತು ನಿಮಿಷ ಮಾತ್ರ ದೀಪ ಹಾಕ್ತಾರೆ. ಹೊತ್ತಲ್ಲದ ಹೊತ್ತಲ್ಲಿ ಹೋದ್ರೆ ಮಬ್ಬಲ್ಲೇ ನೋಡ್ಬೇಕು. ನಡುವೆ ಇರೋ ದೊಡ್ಡ ಪದಕದಂಥ ವಿನ್ಯಾಸದ ಎರಡೂ ಕಡೆ ತೂಗುದೀಪದ ಚಿತ್ರ ಇದೆ, ಒಂದು ದೊಡ್ಡದು, ಒಂದು ಚಿಕ್ಕದು. ಚಿಕ್ಕ ದೀಪದ ತುದಿಯಲ್ಲಿ ನಿಂತು ನೋಡಿ, ದೂರದ್ದು ಕುಗ್ಗಿ ಎರಡೂ ಸಮ ಅನ್ಸುತ್ತೆ. ಅದಕ್ಕೇ ಹಾಗೆ ನೇಯ್ದರು ಅನ್ನೋದು ಒಂದು ವಾದ.

ಆಮೇಲೆ ಕಾಸ್ಟ್ ಕೋರ್ಟ್ಸ್, ಅಂದ್ರೆ ಹೆಸರಾಂತ ಶಿಲ್ಪಗಳ ಅಚ್ಚು ಪ್ರತಿಗಳನ್ನ ಇಟ್ಟಿರೋ ಹಾಲ್‌ಗಳು. ರೋಮಿನ ಟ್ರಾಜನ್ ಸ್ತಂಭದ ಪ್ಲಾಸ್ಟರ್ ಅಚ್ಚು ಚಾವಣಿಗೆ ತಗಲುತ್ತೆ ಅಂತ ಎರಡು ತುಂಡಾಗಿ ನಿಲ್ಲಿಸಿದ್ದಾರೆ. ಮೂಲ ಸ್ತಂಭದ ತುದಿಯ ಕೆತ್ತನೆ ರೋಮಿನಲ್ಲಿ ಕಣ್ಣಿಗೆ ಎಟುಕಲ್ಲ, ಇಲ್ಲಿ ಎಷ್ಟೋ ಹತ್ತಿರ ಸಿಗುತ್ತೆ.

1799ರಲ್ಲಿ ಶ್ರೀರಂಗಪಟ್ಟಣದಿಂದ ಒಯ್ದ ಟಿಪ್ಪುವಿನ ಮರದ ಹುಲಿ ಕೂಡ ಈ ಮ್ಯೂಸಿಯಂನದೇ. ಕನ್ನಡದವರು ಅದನ್ನ ಹುಡುಕದೇ ಇರ್ತಾರಾ? ಆದ್ರೆ ಗ್ಯಾಲರಿಗಳು ನವೀಕರಣಕ್ಕೆ ಮುಚ್ಚುತ್ತವೆ, ವಸ್ತುಗಳ ಜಾಗ ಬದಲಾಗುತ್ತೆ. ಹೊರಡೋ ಮುಂಚೆ ಮ್ಯೂಸಿಯಂ ವೆಬ್‌ಸೈಟಲ್ಲಿ ಅದರ ಹೆಸರು ಹಾಕಿ, ಪ್ರದರ್ಶನದಲ್ಲಿ ಇದೆಯಾ, ಯಾವ ಕೋಣೆಯಲ್ಲಿ ಅಂತ ನೋಡ್ಕೊಳ್ಳಿ.

ಇಲ್ಲಿ ಬಾಗಿಲು ಹಾಕೋದು ಸಂಜೆ 5:45ಕ್ಕೆ. ಶುಕ್ರವಾರ ಮಾತ್ರ ರಾತ್ರಿ 10ರವರೆಗೆ ಇರುತ್ತೆ, ಆದ್ರೆ ಎಲ್ಲಾ ಗ್ಯಾಲರಿನೂ ತೆರೆದಿರಲ್ಲ. ಶುಕ್ರವಾರ ಬರೋರು ಉಳಿದೆರಡನ್ನ ಹಗಲಲ್ಲಿ ನಿಧಾನವಾಗಿ ಮುಗಿಸಿ, ಊಟ ಮಾಡಿ, ಏಳರ ಮೇಲೆ ಇಲ್ಲಿಗೆ ಬನ್ನಿ.