ಹಾಲು ನಿಮ್ಮದು, ಹೆಪ್ಪು ಟ್ರಸ್ಟಿನದು

ಕೇಳುಗರಿಗೆ ನಮಸ್ಕಾರ.

ಊರಲ್ಲಿ ಆಸ್ಪತ್ರೆ ಕಟ್ಟಬೇಕು, ಯಾವುದಾದರೂ ಟ್ರಸ್ಟಿಗೆ ಅರ್ಜಿ ಹಾಕೋಣ ಅಂತ ಓಡಾಡುತ್ತಿರುವವರಿಗೆ ನನ್ನದು ಒಂದೇ ಮಾತು. ಟ್ರಸ್ಟಿನ ದುಡ್ಡು ಹೆಪ್ಪು ಇದ್ದ ಹಾಗೆ. ಹಾಲು ನೀವು ತರಬೇಕು.

ನಿಮ್ಮ ನೆಂಟರಲ್ಲಿ ಯಾರಾದರೂ ವೆಲ್ಲೂರು ಆಸ್ಪತ್ರೆಗೆ ಹೋಗಿ ಬಂದಿರುತ್ತಾರೆ, ಅಲ್ವಾ? ಡಾಕ್ಟರ್ ಐಡಾ ಸ್ಕಡರ್ ಅದನ್ನು 1900ರಲ್ಲಿ ಒಂದೇ ಹಾಸಿಗೆಯಿಂದ ಶುರು ಮಾಡಿದರು. 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಾಲೆ ತೆರೆದರು. ಅದನ್ನು ಬೆಳೆಸಲು ದುಡ್ಡು ಬೇಕಿತ್ತು.

ಅದೇ ವರ್ಷ ಅಮೆರಿಕದ ಎಣ್ಣೆ ಸಾಹುಕಾರ ಜಾನ್ ಡಿ. ರಾಕ್‌ಫೆಲ್ಲರ್, ತೀರಿಹೋದ ಹೆಂಡತಿ ಲಾರಾ ಸ್ಪೆಲ್ಮನ್ ನೆನಪಿಗೆ ಒಂದು ನಿಧಿ ಇಟ್ಟರು. ಬ್ಯಾಪ್ಟಿಸ್ಟ್ ಪಂಥದ ಸಂಸ್ಥೆಗಳಿಗೆ, ಸಾಲ್ವೇಶನ್ ಆರ್ಮಿ ಅನ್ನುವ ಕ್ರೈಸ್ತ ಸೇವಾ ಸಂಸ್ಥೆಗೆ ಅದರಿಂದ ನೆರವು ಹೋಗುತ್ತಿತ್ತು. ಏಷ್ಯಾದ ಏಳು ಕ್ರೈಸ್ತ ಮಹಿಳಾ ಕಾಲೇಜುಗಳಿಗೂ ಕೊಡಿ ಅಂತ ಕೇಳಿದ್ದಾಯಿತು. ಏಳರಲ್ಲಿ ವೆಲ್ಲೂರೂ ಒಂದು. ನಿಧಿಯವರು ಏನು ಹೇಳಿದರು ಗೊತ್ತಾ? 10 ಲಕ್ಷ ಡಾಲರ್ ಕೊಡುತ್ತೇವೆ, ಆದರೆ ನೀವು 20 ಲಕ್ಷ ಕೂಡಿಸಬೇಕು!

ಲೂಸಿ ಪೀಬಾಡಿ ಅನ್ನುವ ಗಟ್ಟಿ ಹೆಂಗಸು ಇದಕ್ಕೆ ಸೊಂಟ ಕಟ್ಟಿ ನಿಂತರು. ಚರ್ಚುಗಳ ಹೆಂಗಸರನ್ನು ಒಟ್ಟು ಮಾಡಿದರು. ಐಡಾ ಅವರೂ ಅಮೆರಿಕಕ್ಕೆ ಹೋಗಿ ಊರೂರು ತಿರುಗಿ ಮಾತಾಡಿದರು. ಒಂದೊಂದು ಡಾಲರ್ ಕೊಟ್ಟವರೂ ಇದ್ದರು. 1923ರ ಹೊತ್ತಿಗೆ 20 ಲಕ್ಷ ಕೂಡಿತು. ನಿಧಿಯ 10 ಲಕ್ಷ ಬಂತು. ನೋಡಿ, ಹಾಲು ಅವರದು, ಹೆಪ್ಪು ನಿಧಿಯದು. ಒಂದು ಡಾಲರ್ ಕೊಟ್ಟವಳಿಗೂ ಅದು ತನ್ನ ಆಸ್ಪತ್ರೆ.

ನಾನು ಒಂದು ಸಣ್ಣ ಟ್ರಸ್ಟಿಗೆ ಬರುವ ಅರ್ಜಿಗಳನ್ನು ವರ್ಷಗಟ್ಟಲೆ ಓದಿದ್ದೇನೆ. 'ಪೂರ್ತಿ ಖರ್ಚು ತಾವೇ ಭರಿಸಬೇಕಾಗಿ ವಿನಂತಿ' ಅನ್ನುವ ಸಾಲು ಕಂಡರೆ ಈಗಲೂ ಬೇಜಾರಾಗುತ್ತದೆ. ದಯವಿಟ್ಟು ಹಾಗೆ ಬರೆಯಬೇಡಿ. ಒಮ್ಮೆ ಒಂದು ಹಳ್ಳಿಯ ಮಿಶನ್ ಆಸ್ಪತ್ರೆಯವರು ಅರ್ಜಿಯ ಜೊತೆ ಶಾಲೆ ಮಕ್ಕಳ ನೋಟ್‌ಬುಕ್ ಇಟ್ಟಿದ್ದರು. ಯಾರು ಎಷ್ಟು ಕೊಟ್ಟರು ಅಂತ ಪೆನ್ಸಿಲಿನಲ್ಲಿ ಬರೆದಿತ್ತು. 50 ರೂಪಾಯಿ, 20 ರೂಪಾಯಿ. ಒಂದು ಹೆಸರಿನ ಮುಂದೆ ದುಡ್ಡಿಲ್ಲ, 'ಎರಡು ದಿನ ಗಾರೆ ಕೆಲಸ' ಅಂತಿತ್ತು. ಆ ಅರ್ಜಿಗೆ ಒಪ್ಪಿಗೆ ಕೊಡಲು ನಮಗೆ ಐದು ನಿಮಿಷವೂ ಹಿಡಿಯಲಿಲ್ಲ.

ಸಮಯ ಜಾಸ್ತಿ ಉಳಿದಿಲ್ಲ, ಬೇಗ ಹೇಳುತ್ತೇನೆ. ಆಡಿಟ್ ಆದ ಲೆಕ್ಕ ಇಡಿ. ಹೊರದೇಶದ ದುಡ್ಡಾದರೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ಕೆಳಗೆ ನೋಂದಣಿ ಇಲ್ಲವೇ ಮುಂಚಿತ ಅನುಮತಿ ಬೇಕೇ ಬೇಕು. ಆದರೆ ಮೊದಲು ಒಂದು ನೋಟ್‌ಬುಕ್ ತಗೊಂಡು ನಿಮ್ಮ ಬೀದಿಯ ಮೊದಲ ಮನೆಗೆ ಹೋಗಿ.

ನಮಸ್ಕಾರ.