ಬೀಜಕ್ಕೂ ಪ್ರತಿ ಬೇಕು

ಸಭೆಯ ಅಧ್ಯಕ್ಷರೇ, ಗ್ರಂಥಾಲಯದ ಮೇಲ್ವಿಚಾರಕರೇ, ಊರಿನ ಹಿರಿಯರೇ, ತಾಯಂದಿರೇ, ಹಿಂದಿನ ಬೆಂಚಿನಲ್ಲಿ ಆಗಲೇ ಪಿಸುಗುಡಲು ಆರಂಭಿಸಿರುವ ಮಕ್ಕಳೇ,

ನಮ್ಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದ ಒಂದು ಕಪಾಟಿನಲ್ಲಿ ಇಂದಿನಿಂದ ಪುಸ್ತಕಗಳ ಜೊತೆಗೆ ಈ ನೆಲದ ಗಿಡಮರಗಳ ಬೀಜಗಳೂ ಇರುತ್ತವೆ. ಆಮಂತ್ರಣ ಪತ್ರಿಕೆಯಲ್ಲಿ ಮೊದಲು ಇದನ್ನು 'ಬೀಜ ಭಂಡಾರ' ಎಂದು ಅಚ್ಚು ಮಾಡಿಸಿದ್ದರು. ನಾನು ಹಟ ಹಿಡಿದು 'ಬೀಜ ಗ್ರಂಥಾಲಯ' ಎಂದು ತಿದ್ದಿಸಿದೆ. ಒಂದು ಪದಕ್ಕಾಗಿ ಎರಡು ಸಲ ಅಚ್ಚಿನ ಖರ್ಚು ಬಿತ್ತೆಂದು ಅಧ್ಯಕ್ಷರು ಇನ್ನೂ ಮುನಿಸಿಕೊಂಡಿದ್ದಾರೆ. ಆ ಖರ್ಚಿನ ಲೆಕ್ಕ ಒಪ್ಪಿಸುವುದೇ ಈ ಉಪನ್ಯಾಸವೆಂದು ತಾವು ತಿಳಿಯಬಹುದು.

ಗ್ರಂಥಾಲಯವೆಂದರೆ ಕಾಪಿಡುವ ಜಾಗ ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಓಲೆಗರಿಯ ಕಾಲದವರು ಹಾಗೆ ನಂಬಿರಲಿಲ್ಲ. ನಮ್ಮ ಕರಾವಳಿಯ ತೇವದಲ್ಲಿ, ಹುಳುಹುಪ್ಪಟೆಯ ನಡುವೆ ಓಲೆಗರಿ ಎಷ್ಟು ಜೋಪಾನ ಮಾಡಿದರೂ ಒಂದಲ್ಲ ಒಂದು ದಿನ ಪುಡಿಯಾಗುವುದೆಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಹಳೆಯ ಗರಿ ಮುರಿಯುವ ಮೊದಲೇ ಹೊಸ ಗರಿಯ ಮೇಲೆ ಪ್ರತಿ ಮಾಡಿಸುತ್ತಿದ್ದರು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ನಾವು ಶಾಲೆಯಲ್ಲಿ ದಾನದ ಪಾಠವಾಗಿ ಓದಿದೆವು. ನನಗೆ ಅದು ದಾನಕ್ಕಿಂತ ಹೆಚ್ಚಾಗಿ ಲೆಕ್ಕಾಚಾರವಾಗಿ ಕಾಣುತ್ತದೆ. ಒಂದು ಪ್ರತಿಯನ್ನು ಚಿನ್ನದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವಷ್ಟು ಸಂಪತ್ತು ಅವಳಲ್ಲಿತ್ತು. ಅವಳು ಹಾಗೆ ಮಾಡಲಿಲ್ಲ. ಬೀಜದ ವಿಷಯದಲ್ಲಿಯೂ ನನ್ನ ವಾದ ಇಷ್ಟೇ: ಬಿತ್ತುವುದೆಂದರೆ ಪ್ರತಿ ಮಾಡುವುದು, ಇಟ್ಟುಕೊಳ್ಳುವುದೆಂದರೆ ಮುರಿಯಲು ಬಿಡುವುದು.

ಹಾಗೆಂದು ಇಟ್ಟುಕೊಳ್ಳುವ ವಿದ್ಯೆ ಬೇಡವೆಂದಲ್ಲ. ನಮ್ಮ ಹೆಂಗಸರು ಬೀಜವನ್ನು ಬೂದಿಯಲ್ಲಿ ಕಲಸಿ, ಒಣಗಿದ ಸೋರೆ ಬುರುಡೆಯಲ್ಲಿ ತುಂಬಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವಂತೆ ತೂಗುಹಾಕುತ್ತಿದ್ದುದು ಪೂರ್ಣ ಶಾಸ್ತ್ರೀಯವಾದ ಕ್ರಮ. ಬೀಜದ ಒಳಗಿನ ತೇವಾಂಶ ಶೇಕಡಾ 1ರಷ್ಟು ಇಳಿದರೆ, ಅಥವಾ ಇಡುವ ಜಾಗದ ಉಷ್ಣತೆ ಸುಮಾರು 5 ಡಿಗ್ರಿ ಸೆಲ್ಸಿಯಸ್ ಇಳಿದರೆ, ಅದರ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆಂದು ಬೀಜಶಾಸ್ತ್ರದವರು ಹೇಳುತ್ತಾರೆ. ಕಕ್ಕೆ, ಅಂಟುವಾಳ, ಸೀಗೆಯಂಥವು ಈ ಮಾತಿಗೆ ಒಪ್ಪುತ್ತವೆ. ಆದರೆ ನಮ್ಮ ಕಾನಿನ ಮರಗಳಲ್ಲಿ ಬಹಳಷ್ಟು ಒಪ್ಪುವುದಿಲ್ಲ. ಮುರುಗಲು, ಹಲಸು, ರಾಂಪತ್ರೆ ಇವುಗಳ ಬೀಜವನ್ನು ಒಣಗಿಸುವುದೆಂದರೆ ಕೊಲ್ಲುವುದು. ಸಿದ್ದಾಪುರದ ಕತ್ತಲೆಕಾನಿನ ಜಡ್ಡಿಗಳಲ್ಲಿ, ಅಂದರೆ ಕಾಡಿನ ಜೌಗು ನೆಲದಲ್ಲಿ, ನೀರಿನೊಳಗೆ ಬೇರು ಬಿಟ್ಟು ನಿಂತಿರುವ ರಾಂಪತ್ರೆಯ ಬೀಜವನ್ನು ಯಾವ ಕಪಾಟಿನಲ್ಲಿಯೂ ಇಡಲಾಗದು. ಬಿದ್ದ ಕೆಲವೇ ದಿನಗಳಲ್ಲಿ ಅದು ಮಣ್ಣು ಸೇರಬೇಕು, ಇಲ್ಲವೇ ಮಂಗಟ್ಟೆ ಹಕ್ಕಿಯ ಹೊಟ್ಟೆ ಸೇರಿ ಇನ್ನೊಂದು ಕಡೆ ಬೀಳಬೇಕು. ಅಂಥ ಬೀಜಕ್ಕೆ ನಮ್ಮ ಗ್ರಂಥಾಲಯದಲ್ಲಿ ಡಬ್ಬಿ ಇರುವುದಿಲ್ಲ, ವಹಿಯಲ್ಲಿ ಒಂದು ಸಾಲು ಮಾತ್ರ ಇರುತ್ತದೆ: ಯಾವ ಮರ, ಯಾರ ಬೆಟ್ಟ, ಯಾವ ವಾರ ಬೀಳುತ್ತದೆ.

ಈಗ ನನ್ನ ಶ್ರೀತಾಳೆಯ ಕಥೆ. ಇದನ್ನು ಕೇಳಿದವರು ಇಲ್ಲಿ ಕೆಲವರಾದರೂ ಇದ್ದೀರಿ, ಕ್ಷಮಿಸಬೇಕು, ಬಿಡಲಾರೆ.

ಇಪ್ಪತ್ತು ವರ್ಷಗಳ ಹಿಂದೆ, ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಾಗ, ಹೊಳೆಯಾಚೆಯ ಒಂದು ಮನೆಯ ಹಿತ್ತಿಲಿನಲ್ಲಿ ಶ್ರೀತಾಳೆ ಹೂ ಬಿಟ್ಟಿದೆಯೆಂದು ವಿದ್ಯಾರ್ಥಿಯೊಬ್ಬ ಸುದ್ದಿ ತಂದ. ಓಲೆಗರಿಗೆ ಎಲೆ ಕೊಟ್ಟ ಮರ ಇದೇ ಎಂಬುದು ತಮಗೆ ತಿಳಿದದ್ದೇ. ಮೂವತ್ತರಿಂದ ಎಂಬತ್ತು ವರ್ಷ ಸುಮ್ಮನೆ ಬೆಳೆದು, ಬದುಕಿನಲ್ಲಿ ಒಂದೇ ಒಂದು ಸಲ ನೆತ್ತಿಯ ಮೇಲೆ ಲಕ್ಷಗಟ್ಟಲೆ ಹೂಗಳ ಗೋಪುರವನ್ನೇ ಎತ್ತಿ, ಸುಮಾರು ಒಂದು ವರ್ಷದಲ್ಲಿ ಕಾಯಿ ಬಲಿಸಿ, ಎಲ್ಲವನ್ನೂ ಉದುರಿಸಿ ಸಾಯುವ ಮರ ಅದು. ನಾನು ಹೋಗಿ ನೋಡುವಾಗ ಅಂಗಳದಲ್ಲಿ ಕೊಡಲಿ ಸಿದ್ಧವಾಗಿತ್ತು. ಅದು ಹೂ ಬಿಟ್ಟರೆ ಮನೆಗೆ ಕೇಡು ಎಂದು ಯಾರೋ ಹೇಳಿದ್ದರು; ಸತ್ತ ಮರ ಕೊಟ್ಟಿಗೆಯ ಮೇಲೆ ಬಿದ್ದರೇನು ಗತಿ ಎಂಬುದು ಗಂಡುಮಕ್ಕಳ ಚಿಂತೆ. ಎರಡನೆಯದು ನ್ಯಾಯವಾದ ಚಿಂತೆಯೇ. ನಾನು ಹೂಗೊಂಚಲಿನ ಹಿರಿಮೆಯನ್ನೆಲ್ಲ ಅರ್ಧ ಗಂಟೆ ಬಣ್ಣಿಸಿದೆ; ಅದು ಯಾರ ತಲೆಗೂ ಹೋಗಲಿಲ್ಲ. ಕೊನೆಗೆ ಜಗಲಿಯ ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅಜ್ಜಿ ತಲೆಯೆತ್ತಿ, "ಮಾಸ್ತರೇ, ಇದರ ಹೂವನ್ನು ನಮ್ಮ ಮಾವನವರೂ ಕಂಡವರಲ್ಲ. ನಾನು ಕಂಡೆ. ಕಾಯಿಯನ್ನೂ ಕಂಡೇ ಹೋಗುತ್ತೇನೆ, ಕೊಡಲಿ ಒಳಗಿಡಲಿ" ಎಂದರು. ಮಕ್ಕಳು ಕೊಡಲಿ ಒಳಗಿಟ್ಟರು. ಮೂವತ್ತು ವರ್ಷ ಪಾಠ ಮಾಡಿದ ನನ್ನ ಮಾತಿಗಿಂತ ಆ ಒಂದು ಮಾತು ಹೆಚ್ಚು ಕೆಲಸ ಮಾಡಿತೆಂಬುದನ್ನು ಒಪ್ಪಿಕೊಳ್ಳಲು ನನಗೆ ಆಗ ಸ್ವಲ್ಪ ಕಷ್ಟವಾಯಿತು.

ಮರುವರ್ಷ ಕಾಯಿ ಉದುರಿದವು. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಎರಡು ಗೋಣಿಚೀಲ ತುಂಬಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರರು ಚೀಲ ತಟ್ಟಿ ನೋಡಿ, ಚಾಲಿ ಅಡಕೆಯೆಂದು ತೀರ್ಮಾನಿಸಿ ಲಗೇಜು ಟಿಕೆಟ್ ಹರಿದರು. ಕಾಡುಮರದ ಬೀಜವೆಂದು ನಾನು ಬಿಡಿಸಿ ಹೇಳಿದ ಮೇಲೆ ನನ್ನನ್ನು ನೋಡಿದ ನೋಟ ಬದಲಾಯಿತೇ ಹೊರತು ಟಿಕೆಟ್ಟಿನ ದರ ಬದಲಾಗಲಿಲ್ಲ. ಮನೆಗೆ ತಂದು ಪ್ಲಾಸ್ಟಿಕ್ ಚೀಲಗಳಲ್ಲಿ ಮುನ್ನೂರು ಬೀಜ ಹಾಕಿದೆ. ಇಲ್ಲಿ ನನ್ನ ವಿದ್ಯೆ ಕೈಕೊಟ್ಟಿತು. ಶ್ರೀತಾಳೆಯ ಮೊಳಕೆ ಮೇಲಕ್ಕೆ ಬರುವ ಮೊದಲು ಬೀಜದಿಂದ ದೂರ, ನೆಲದಾಳಕ್ಕೆ ಇಳಿಯುತ್ತದೆ. ಅಲ್ಲಿ ನೆಲೆ ನಿಂತ ಮೇಲೆಯೇ ಎಲೆ ಕಳಿಸುತ್ತದೆ. ತಿಂಗಳುಗಟ್ಟಲೆ ಏನೂ ಕಾಣದಿದ್ದಾಗ, ಸತ್ತವೆಂದು ತಿಳಿದು ಚೀಲಗಳನ್ನು ಎತ್ತಿದೆ. ಪ್ರತಿಯೊಂದರ ತಳವನ್ನೂ ತೂರಿಕೊಂಡು ನೆಲಕ್ಕಿಳಿದಿದ್ದ ಬಿಳಿಯ ಮೊಳಕೆಗಳು ಲಟಲಟನೆ ಮುರಿದವು. ಆ ಸದ್ದು ನನಗೆ ಇನ್ನೂ ಕೇಳಿಸುತ್ತದೆ. ಉಳಿದ ಬೀಜಗಳನ್ನು ಬಂದವರಿಗೆಲ್ಲ ಹಂಚಿ, ನೇರವಾಗಿ ನೆಲದಲ್ಲೇ ಊರಬೇಕೆಂದು ಹೇಳಿ ಕಳಿಸಿದೆ.

ಇಂದು ಅವುಗಳಲ್ಲಿ ಎಷ್ಟು ಬದುಕಿವೆ? ನನಗೆ ಗೊತ್ತಿರುವುದು ಹನ್ನೊಂದು ಮಾತ್ರ. ಐವತ್ತಿರಬಹುದು, ಇನ್ನೂರಿರಬಹುದು, ಯಾರಿಗೆ ಕೊಟ್ಟೆನೆಂದು ನಾನು ಬರೆದಿಡಲಿಲ್ಲ. ಪ್ರತಿ ಮಾಡಿದೆ, ಯಾರ ಬಳಿ ಪ್ರತಿಯಿದೆಯೆಂಬುದನ್ನು ಕಳೆದುಕೊಂಡೆ. ಅಜ್ಜಿ ಕೊನೆಯವರೆಗೂ ಕಂಡಾಗಲೆಲ್ಲ "ನಮ್ಮ ಮರದ ಮಕ್ಕಳು ಎಲ್ಲೆಲ್ಲಿದ್ದಾವೆ?" ಎಂದು ಕೇಳುತ್ತಿದ್ದರು, ನಾನು ಪ್ರತಿ ಸಲವೂ ಮಾತು ತಪ್ಪಿಸುತ್ತಿದ್ದೆ.

ಆದ್ದರಿಂದಲೇ ಮೇಲ್ವಿಚಾರಕರ ಮೇಜಿನ ಮೇಲೆ ಆ ಕೆಂಪು ರಟ್ಟಿನ ವಹಿಯನ್ನು ಇಟ್ಟಿದ್ದೇವೆ. ಬೀಜದ ಪೊಟ್ಟಣದೊಳಗೆ ಚೀಟಿ ಇಲ್ಲದಿದ್ದರೆ ಅದು ರಕ್ಷಾಪುಟ ಹರಿದ ಪುಸ್ತಕದಂತೆ. ಚೀಟಿಯಲ್ಲಿ ಬರೀ ಹೆಸರಿದ್ದರೂ ಸಾಲದು. ಘಟ್ಟದ ಮೇಲಿನ ನನ್ನ ಸ್ನೇಹಿತರೊಬ್ಬರು ಒಂದು ಸೇರು ಹೊನ್ನೆ ಬೀಜ ಬೇಕೆಂದು ಫೋನ್ ಮಾಡಿದರು. ನಾವು ಕಡಲತಡಿಯವರು, ದೀಪದೆಣ್ಣೆಯ ಹೊನ್ನೆಯ ಗುಂಡುಕಾಯಿಗಳನ್ನು ಶ್ರದ್ಧೆಯಿಂದ ಆರಿಸಿ ಕಳಿಸಿದೆವು. ಅವರಿಗೆ ಬೇಕಾಗಿದ್ದುದು ನಾಣ್ಯಕ್ಕೆ ರೆಕ್ಕೆ ಕಟ್ಟಿದಂಥ ಕಾಯಿಯ, ನಾಟಾದ ಹೊನ್ನೆ. ಹೆಸರೊಂದೇ, ಮರಗಳೆರಡು. ಮರದ ಜಾಗ, ತಿಂಗಳು, ಆರಿಸಿದವರ ಹೆಸರು, ಸಾಧ್ಯವಾದರೆ ಒಂದು ಒಣಗಿದ ಎಲೆ, ಇಷ್ಟು ಜೊತೆಗಿದ್ದರೆ ಇಂಥ ಫಜೀತಿ ತಪ್ಪುತ್ತದೆ.

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾಗುತ್ತದೆ. ಶಾಲೆಯ ಮೆಟ್ಟಿಲು ಹತ್ತದೆ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಿಂದ ಆರಂಭಿಸಿ ದಶಕಗಳ ಕಾಲ ದುಡಿದ ಆ ತಾಯಿ, ಯಾವ ಜಾತಿಯ ಬೀಜವನ್ನು ಯಾವ ತಾಯಿಮರದಿಂದ ಯಾವಾಗ ಆರಿಸಬೇಕೆಂಬುದನ್ನು ಬಲ್ಲವರಾಗಿದ್ದರು. 2021ರಲ್ಲಿ ಅವರು ಬರಿಗಾಲಿನಲ್ಲಿ ಹೋಗಿ ಪದ್ಮಶ್ರೀ ಸ್ವೀಕರಿಸಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿ ಹೆಮ್ಮೆಪಟ್ಟೆವು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಚಿತ್ರಗಳನ್ನು ಸಾಕಷ್ಟು ತೆಗೆದೆವು. ಅವರ ತಲೆಯಲ್ಲಿದ್ದುದಕ್ಕೆ ಎಷ್ಟು ಪ್ರತಿ ಮಾಡಿಕೊಂಡೆವು?

ಅಧ್ಯಕ್ಷರು ಗಡಿಯಾರ ನೋಡಿದರು, ಎರಡನೆಯ ಸಲ. ಅಪ್ಪೆಮಿಡಿ ಮಾವಿನ ಬಗ್ಗೆ ಒಂದು ಇಡೀ ಭಾಗವನ್ನು ಬರೆದು ತಂದಿದ್ದೆ, ಒಂದೇ ಮಾತು ಹೇಳುತ್ತೇನೆ: ಹೊಳೆದಂಡೆಯ ಮರದ ಮಿಡಿಗಳನ್ನೆಲ್ಲ ಉಪ್ಪಿನಕಾಯಿಗೆ ಇಳಿಸಿಬಿಟ್ಟರೆ ಗೊರಟು ಬಲಿಯುವುದೆಂದು? ಕಸಿ ಕಟ್ಟಿದರೆ ಅದೇ ರುಚಿ ಉಳಿಯುತ್ತದೆ, ನಿಜ; ಹೊಸ ರುಚಿ ಹುಟ್ಟುವುದು ಗೊರಟಿನಿಂದ ಮಾತ್ರ. ಮರಕ್ಕೆ ನಾಲ್ಕು ಹಣ್ಣನ್ನಾದರೂ ಬಿಡಿ.

ಕಾನೂನಿನ ಪ್ರಶ್ನೆಯನ್ನು ಹಲವರು ಕೇಳಿದ್ದಾರೆ. ಬೆಳೆಗಳ ವಿಷಯದಲ್ಲಿ ಭಯ ಬೇಡ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ತಾನು ಬೆಳೆದದ್ದರ ಬೀಜವನ್ನು ಉಳಿಸಿ, ಬಿತ್ತಿ, ಹಂಚಿ, ವಿನಿಮಯ ಮಾಡುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹಚ್ಚಿ ಮಾರುವಂತಿಲ್ಲ, ಅಷ್ಟೇ. ಕಾಯ್ದಿಟ್ಟ ಅರಣ್ಯದೊಳಗೆ ಆರಿಸಬೇಕಾದರೆ ಮಾತ್ರ ಇಲಾಖೆಯ ಅನುಮತಿ ಬೇಕು. ಎಲ್ಲಿ ಆರಿಸಿದರೂ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು, ಒಂದೇ ಮರಕ್ಕೆ ಜೋತುಬೀಳದೆ ದೂರದೂರದ ಹಲವು ಮರಗಳಿಂದ ಆರಿಸಬೇಕು. ಅಕೇಶಿಯಾ ಬೀಜವನ್ನು ದಯವಿಟ್ಟು ಯಾರೂ ತರಬೇಡಿ. ಅದಕ್ಕೆ ನಮ್ಮ ಸಹಾಯ ಬೇಕಾಗಿಲ್ಲ. ಬೀಜದುಂಡೆಗಳ ಬಗ್ಗೆ ಮಾತಾಡಿದರೆ ಜಗಳವಾಗುವುದರಿಂದ ಆ ಪುಟವನ್ನು ಮಗುಚುತ್ತೇನೆ.

ಇನ್ನು ಒಯ್ದದ್ದನ್ನು ಮರಳಿಸುವ ಗಡುವು. ಅವರೆ, ಹೀರೆ, ಹರಿವೆ ಒಯ್ದವರು ಮುಂದಿನ ಬೆಳೆಯಲ್ಲಿ ಒಂದಕ್ಕೆ ಎರಡಾಗಿ ತಂದುಕೊಡಬೇಕು. ಮರದ ಬೀಜ ಒಯ್ದವರು ಬೀಜ ತರಬೇಕಾಗಿಲ್ಲ, ವರ್ಷಕ್ಕೊಮ್ಮೆ ಬಂದು ಗಿಡ ಬದುಕಿದೆಯೋ ಸತ್ತಿದೆಯೋ ಎಂದು ವಹಿಯಲ್ಲಿ ಬರೆಸಿದರೆ ಸಾಕು. ಸತ್ತದ್ದನ್ನು ಬರೆಸಲು ನಾಚಿಕೆ ಪಡಬಾರದು, ನನ್ನ ಮುನ್ನೂರು ಚೀಲಗಳನ್ನು ಮೊದಲ ಪುಟದಲ್ಲೇ ಬರೆಸಿದ್ದೇನೆ. ಶ್ರೀತಾಳೆ ಒಯ್ಯುವವರಿಗೆ ಗಡುವು ಅರವತ್ತು ವರ್ಷ. ತಡವಾದರೆ ದಂಡ ವಸೂಲು ಮಾಡಲು ಈಗಿನ ಮೇಲ್ವಿಚಾರಕರು ಇರುವುದಿಲ್ಲ, ಹಿಂದಿನ ಬೆಂಚಿನ ಮಕ್ಕಳು ಇರುತ್ತಾರೆ.

ಹೊರಗೆ ಜಗಲಿಯ ಮೇಲೆ ಹಸಿ ಬಾಳೆಲೆ ಮುಚ್ಚಿದ ಬುಟ್ಟಿಯೊಂದಿದೆ. ಅದರಲ್ಲಿರುವುದು ಮುರುಗಲ ಬೀಜ. ನಿನ್ನೆ ಬೆಳಿಗ್ಗೆ ಹಣ್ಣು ಬಿಡಿಸಿ ತೆಗೆದದ್ದು, ಒಣಗಿಸಿಲ್ಲ. ನಾಳೆಗೆಂದು ಬಿಡದೆ ಚಹಾ ಕುಡಿದು ಹೋಗುವಾಗಲೇ ಒಯ್ಯಿರಿ. ಒಯ್ಯುವ ಮೊದಲು ವಹಿಯಲ್ಲಿ ಹೆಸರು ಬರೆಸಿ.